ಸೋಮವಾರದ ನೀರು

ತಂತಿಬೇಲಿಯ ಬೀಗದಲ್ಲಿ ಕೀಲಿ ತಿರುಗಿಸುವಾಗ ಮುರಿಗೆಪ್ಪನ ಕೈ ಎರಡು ಸಲ ಜಾರಿತು.

"ಸಾವಕಾಶ ತಗೀರಿ, ಮುರಿಗೆಪ್ಪನವರ," ಎಂದರು ಹಿಂದೆ ನಿಂತಿದ್ದ ಭೀಮರಾಯ ಸಾಹೇಬರು. "ವ್ಯಾಳ್ಯಾ ಕಮ್ಮಿ ಇದ್ದದ್ದು ಹನಮಂತಗ."

ಹನಮಂತ ಹಳ್ಳದ ಒಡ್ಡಿನ ಗೇಟು ಕಾಯುವವನು. ಈಗ ಗೋಕಾಕದಲ್ಲಿ ಕೈದಿ. ನಾಳೆ ಶುಕ್ರವಾರ ಅವನ ತೀರ್ಪು. ಹದಿನೇಳು ದಿನಗಳ ಹಿಂದೆ, ಸೆಪ್ಟೆಂಬರ್ ಹದಿಮೂರರ ಸೋಮವಾರ ಮುಂಜಾನೆ ಎಂಟಕ್ಕೆ, ಮೂಡಲಗಿಯಿಂದ ಮೂರು ಹರದಾರಿ ಕೆಳಗಿನ ಆ ಒಡ್ಡಿನ ಗೇಟು ಮೇಲೆದ್ದಿತ್ತು. ಹಳ್ಳದಲ್ಲಿ ಕಂಬಳಿ ಒಗೆಯಲು ಇಳಿದಿದ್ದ ಲಗಮವ್ವ ಎಂಬ ಹೆಂಗಸು ಕೊಚ್ಚಿಹೋಗಿ ಸತ್ತಿದ್ದಳು.

ಒಡ್ಡಿನ ನೀರು ಕೆಂಪು ಗೆರೆ ಮುಟ್ಟಿದರೆ ಮಾತ್ರ ಗೇಟು ಎತ್ತಬೇಕು. "ನೀರು ಏರಿತ್ತು" ಎಂದಷ್ಟೇ ಹೇಳಿ ಹನಮಂತ ಬಾಯಿ ಮುಚ್ಚಿದ್ದ. ಮೇಲೆ ಮೂಡಲಗಿಯಲ್ಲಿ ಮಳೆಯೇ ಆಗದೆ ನೀರು ಏರುವುದು ಹೇಗೆ ಎಂದು ಫೌಜದಾರರು ಕೇಳಿದ್ದರು. ಮಳೆ ಆಗಿತ್ತೆಂದು ಊರವರು ಸಾಕ್ಷಿ ಹೇಳಿದರು. ಎಷ್ಟು ಎಂದು ವಕೀಲರು ಕೇಳಿದಾಗ ಒಬ್ಬ ಎತ್ತಿನ ಹೊಟ್ಟೆ ಮುಳುಗುವಷ್ಟು ಎಂದ, ಇನ್ನೊಬ್ಬ ಅಂಗಿ ತೊಯ್ಯುವಷ್ಟು ಎಂದ. ಕೋರ್ಟು ನಕ್ಕಿತು, ಮೂಡಲಗಿಯ ಮಳೆವಹಿಯನ್ನು ತರಿಸಿತು.

ವಹಿಯಲ್ಲಿ ಸೋಮವಾರದ ಎದುರು ಸೊನ್ನೆ, ಮಂಗಳವಾರದ ಎದುರೂ ಸೊನ್ನೆ.

ಎರಡೂ ಸೊನ್ನೆಗಳನ್ನು ಬರೆದವನು ಚಾವಡಿಯ ಕಾರಕೂನ ಮುರಿಗೆಪ್ಪ.

ಬೀಗ ತೆರೆದುಕೊಂಡಿತು. ಚಾವಡಿಯ ಹಿತ್ತಲಲ್ಲಿ, ಬೇಲಿಯ ನಡುವೆ, ಮಳೆ ಅಳೆಯುವ ತಾಮ್ರದ ಡಬ್ಬಿ ಅರ್ಧ ನೆಲದಲ್ಲಿ ಹೂತು ಕೂತಿತ್ತು. ಬಾಯಿಗೆ ಲಾಳಿಕೆ, ಒಳಗೆ ಗಾಜಿನ ಬಾಟಲಿ. ದಿನಾ ಮುಂಜಾನೆ ಎಂಟಕ್ಕೆ ಬಾಟಲಿಯ ನೀರನ್ನು ಅಳತೆಯ ಗಾಜಿಗೆ ಸುರಿದು ಇಷ್ಟು ಇಂಚು, ಇಷ್ಟು ಸೆಂಟು ಎಂದು ಬರೆಯುವುದು. ಕೆಲಸ ಇಷ್ಟೇ. ಇಷ್ಟನ್ನೂ ತಾನು ಮಾಡಲಿಲ್ಲ.

ಭೀಮರಾಯರು ಪುಣೆಯ ಹವಾಮಾನ ಕಚೇರಿಯವರು. ಮೂಲತಃ ಧಾರವಾಡದವರು. ಹನಮಂತನ ವಕೀಲರ ಕರೆಗೆ ನಿನ್ನೆಯಷ್ಟೇ ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದಿದ್ದರು. ಅವರ ಜೊತೆ ತಿರುಗಿ ಬೇಕಾದ ಕಾಗದ ಒದಗಿಸುವ ಕೆಲಸ ಮಾಮಲೇದಾರರು ಒಪ್ಪಿಸಿದ್ದು ಮುರಿಗೆಪ್ಪನಿಗೇ. ನಿನ್ನೆಯಿಂದ ಅವನು ಸಾಹೇಬರ ಚೀಲ ಹೊತ್ತು ಅವರ ಹಿಂದೆ ನಡೆಯುತ್ತಿದ್ದ. ಅವರು ಹುಡುಕುತ್ತಿದ್ದ ತಪ್ಪೂ ಅವರ ಬೆನ್ನ ಹಿಂದೆಯೇ ನಡೆಯುತ್ತಿತ್ತು.

"ಸಾಹೇಬರ," ಎಂದ ಚಾವಡಿಯ ಸಿಪಾಯಿ ಕರೆಪ್ಪ, ಬಿಸಿಲಿಗೆ ಕೊಡೆ ಹಿಡಿದುಕೊಂಡು. "ಈ ಡಬ್ಬಿ ಬಿಟ್ಟು ನಮ್ಮ ಮನಿಗಿ ಬರ್ರಿ. ಹಾಸಿಗಿ ಮ್ಯಾಲ ಐದು ಕಡೆ ಸೋರತೈತಿ. ಐದೂ ಕಡೆ ಅಳೀಬಹುದು."

"ಬರತೇನಿ. ಮೊದಲ ಇಲ್ಲಿ ಸೋರಿದ್ದು ಎಲ್ಲೆಂತ ನೋಡೂಣು."

ಇನ್ನು ತಡೆಯುವುದು ಮುರಿಗೆಪ್ಪನಿಂದ ಆಗಲಿಲ್ಲ.

"ಸಾಹೇಬರ, ನಾ ಒಂದ ಮಾತ ಹೇಳಬೇಕು. ಕರೆಪ್ಪಾ, ನೀ ಸ್ವಲ್ಪ ಆಚಿಗೆ ಹೋಗು."

"ಆಚಿಗೆ ಹೋದ್ರೂ ನನಗ ಕೇಳತೈತ್ರಿ," ಎಂದ ಕರೆಪ್ಪ, ಎರಡು ಹೆಜ್ಜೆ ಸರಿದು.

"ಆ ಸೋಮವಾರ ನಾ ಅಳದಿಲ್ರಿ," ಎಂದ ಮುರಿಗೆಪ್ಪ. "ಊರಾಗ ಇರಲಿಲ್ಲ. ನನ್ನ ಹೇಣತಿ ಸುಂದ್ರವ್ವ ಹುಕ್ಕೇರ್ಯಾಗ ತವರಮನ್ಯಾಗ ಇರತಾಳ. ನಮ್ಮವ್ವಗೂ ಆಕಿಗೂ ಆಗೂದಿಲ್ಲ. ಆಯ್ತವಾರ ಮಧ್ಯಾಹ್ನ ಹೋಗತೇನಿ, ಸೋಮವಾರ ಸಂಜಿಗೆ ಬರತೇನಿ. ಅವ್ವಗ ಗೋಕಾಕಕ್ಕ ಟಪಾಲ ಒಯ್ಯಾಕ ಅಂತ ಹೇಳೇನಿ. ವಹ್ಯಾಗ ಸೋಮವಾರದ ಮನ್ಯಾಗ ಸೊನ್ನಿ ಬರೀತೇನಿ. ಅವತ್ತ ಬಂದಾಗ ರಾಡಿ ಇತ್ರಿ. ಮೊಣಕಾಲತನಾ ರಾಡಿ. ಮಳಿ ಆಗೈತಿ ಅಂತ ನನಗ ಗೊತ್ತಿತ್ತು. ಮರುದಿನ ಬಾಟ್ಲಿ ನೋಡಿದ್ರ ಒಣಗಿತ್ತು. ಅಳದಿಲ್ಲ ಅಂತ ಬರದ್ರ ಊರಾಗ ಇರಲಿಲ್ಲ ಅನ್ನೂದು ಹೊರಗ ಬರತಿತ್ತು. ಬಾಟ್ಲಿ ಹೇಳಿದ್ದ ಬರದೆ."

ಹೇಳಿ ಮುಗಿಸಿದ. ಹದಿನೇಳು ದಿನ ಎದೆಯಲ್ಲಿ ಕೂತಿದ್ದು ಹೊರಬಂದರೂ ಎದೆ ಹಗುರಾಗಲಿಲ್ಲ.

ಭೀಮರಾಯರು ತಲೆಯಾಡಿಸಿದರು. "ಸೋಮವಾರ ನೀವು ಇರೂದಿಲ್ಲ ಅನ್ನೂದು ನನಗ ಪುಣೆದಾಗ ಗೊತ್ತಾತು."

"ಪುಣೆದಾಗ?"

ಅವರು ಚೀಲದಿಂದ ಚೌಕಳಿ ಗೆರೆಯ ದೊಡ್ಡ ಕಾಗದ ತೆಗೆದು ಚಾವಡಿಯ ಕಟ್ಟೆಯ ಮೇಲೆ ಹರಡಿದರು. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟರು.

"ಇದು ನೋಡ್ರಿ. ಗೋಕಾಕ, ಹುಕ್ಕೇರಿ, ಎರಡೂ ಊರಿನ ಮಳಿ ಕೂಡಿಸಿ ಅಡ್ಡ ಹಾಕೇನಿ. ಮೂಡಲಗಿದು ಉದ್ದ. ಹಿಂದಿನದಕ್ಕ ಕೂಡಿಸಿಕೋತ, ವರ್ಷಕ್ಕೊಂದು ಚುಕ್ಕಿ. ಬಾಜೂ ಊರುಗಳ ಮಳಿ ಏರಿದ್ರ ಇಲ್ಲಿದೂ ಏರತೈತಿ, ಇಳಿದ್ರ ಇಳೀತೈತಿ. ಚುಕ್ಕಿ ಎಲ್ಲಾ ಒಂದ ಗೆರಿ ಮ್ಯಾಲ ಕೂಡಬೇಕು."

ಕೂತಿದ್ದವು. ಇಪ್ಪತ್ತು ವರ್ಷ ಸರಳ ಗೆರೆ. ಆಮೇಲೆ, ಯಾರೋ ಮೊಣಕೈ ತಾಗಿಸಿದ ಹಾಗೆ, ಗೆರೆ ಕೆಳಕ್ಕೆ ಬಾಗಿತ್ತು. ಬಾಗಿದಲ್ಲಿಂದ ಮುಂದಿನ ಚುಕ್ಕಿಗಳನ್ನು ಮುರಿಗೆಪ್ಪ ಎಣಿಸಿದ. ಆರು. ಸುಂದ್ರವ್ವ ತವರಿಗೆ ಹೋಗಿ ಆರು ವರ್ಷ.

"ಮೂಡಲಗಿ ಸೀಮಿ ಒಣಗಾಕತ್ತೈತಿ, ಹವಾ ಬದಲಾಗೈತಿ ಅಂತ ನಮ್ಮ ಕಚೇರಿಯವರು ವರದಿ ಬರದ್ರು," ಎಂದರು ಭೀಮರಾಯರು. "ಇಪ್ಪತ್ತೊಂದು ಇಂಚು ಬೀಳೂ ಜಾಗಾದಾಗ ಹದಿನೆಂಟು. ಇಷ್ಟ ಮಳಿಗೆ ಕೆರಿ ತುಂಬೂದಿಲ್ಲ ಅಂತ ನಿಮ್ಮೂರಿನ ಕೆರಿ ಅರ್ಜಿ ವಾಪಸ್ ಬಂತಲ್ಲ, ಆ ವರದಿ ಮ್ಯಾಲನ. ಅದಕ್ಕ ಸಹಿ ಮಾಡಿದವರೊಳಗ ನಾನೂ ಒಬ್ಬ."

ಕೆರೆಯ ಅರ್ಜಿಯನ್ನು ಮುದ್ದಾದ ಅಕ್ಷರದಲ್ಲಿ ಬರೆದುಕೊಟ್ಟವನು ಮುರಿಗೆಪ್ಪ. ಅದು ವಾಪಸು ಬಂದ ದಿನ ಸರಕಾರವನ್ನು ಎಲ್ಲರಿಗಿಂತ ಹೆಚ್ಚು ಬೈದವನೂ ಅವನೇ. ಅವನು ಕಾಗದದಿಂದ ಕಣ್ಣು ತೆಗೆದ.

"ಆಮ್ಯಾಲ ನನಗ ನಿದ್ದಿ ಬರಲಿಲ್ಲ. ಹದಿನೆಂಟು ಅಂದ್ರ ಏಳರಾಗ ಒಂದು ಪಾಲು ಕಮ್ಮಿ. ಹವಾ ಬದಲಾಗೂದು ಇಷ್ಟು ನೀಟಾಗಿ ಪಾಲು ಹಾಕಿ ಬದಲಾಗತೈತೇನು? ವರ್ಷ ಬಿಟ್ಟು ತಿಂಗಳ ನೋಡಿದೆ, ಎಲ್ಲಾ ತಿಂಗಳದಾಗೂ ಕಮ್ಮಿ. ತಿಂಗಳ ಬಿಟ್ಟು ವಾರ ನೋಡಿದೆ. ಆರು ವರ್ಷದಾಗ ಮೂಡಲಗ್ಯಾಗ ಒಂದ ಸೋಮವಾರನೂ ಮಳಿ ಬಿದ್ದಿಲ್ಲ."

ಕರೆಪ್ಪ ಕೊಡೆಯ ಕೆಳಗೆ ಕಿಸಕ್ಕೆಂದ. "ಸೋಮವಾರ ಎತ್ತು ಹೂಡೂದಿಲ್ರಿ ನಮ್ಮಲ್ಲಿ. ಬಸವಣ್ಣನ ವಾರ. ಮಳಿರಾಯಗೂ ಸೂಟಿ ಇರಬೇಕು."

ಭೀಮರಾಯರು ನಗಲಿಲ್ಲ. "ಒಂದು ದಿನದ ಸೊನ್ನಿ ಯಾರಿಗೂ ಕಾಣೂದಿಲ್ಲ, ಮುರಿಗೆಪ್ಪನವರ. ಮುನ್ನೂರು ಸೊನ್ನಿ ಸಾಲಾಗಿ ನಿಂತ್ರ ಪುಣೆತನಾ ಕಾಣತಾವ. ಆದ್ರ ನಿಮ್ಮ ತಪ್ಪಿನಿಂದ ನನ್ನ ಲೆಕ್ಕ ಮುಗಿಯೂದಿಲ್ಲ."

"ಯಾಕ್ರಿ?"

"ಸೋಮವಾರ ನೀವು ಬಾಟ್ಲಿ ಮುಟ್ಟಲಿಲ್ಲ. ಹಂಗಾದ್ರ ಆ ನೀರು ಅಲ್ಲೇ ಇರಬೇಕು. ಮಂಗಳವಾರ ಎರಡು ದಿನದ ಮಳಿ ಕೂಡಿ ಸಿಗಬೇಕು. ಆರು ವರ್ಷದ ಮಂಗಳವಾರ ಕೂಡಿಸಿದೆ. ಬುಧವಾರದಷ್ಟ ಐತಿ, ಒಂದು ತೊಟ್ಟೂ ಜಾಸ್ತಿ ಇಲ್ಲ." ಅವರು ಡಬ್ಬಿಯತ್ತ ಬೆರಳು ಮಾಡಿದರು. "ನಿಮ್ಮ ಸೋಮವಾರದ ನೀರು ಎಲ್ಲಿಗಿ ಹೋತು?"

ಆರು ವರ್ಷ ಮುರಿಗೆಪ್ಪ ಈ ಪ್ರಶ್ನೆಯನ್ನು ತನಗೇ ಕೇಳಿಕೊಂಡಿರಲಿಲ್ಲ. ಮಂಗಳವಾರ ಬಾಟಲಿಯಲ್ಲಿ ಹಿಂದಿನ ದಿನದ ನೀರಿಲ್ಲದ್ದನ್ನು ಕಂಡು, ಬಿಸಿಲಿಗೆ ಆರಿರಬೇಕು ಎಂದುಕೊಂಡು, ಗುಟ್ಟು ಉಳಿಯಿತಲ್ಲ ಎಂದು ಸಮಾಧಾನಪಟ್ಟಿದ್ದ.

"ಹದಿನಾಲ್ಕನೇ ತಾರೀಖ, ಮಂಗಳವಾರ," ಎಂದರು ಭೀಮರಾಯರು. "ಬಾಟ್ಲಿ ಎತ್ತಿದ್ರಲ್ಲ. ಏನ ನೋಡಿದ್ರಿ? ಬರದದ್ದು ಬ್ಯಾಡ. ನೋಡಿದ್ದು ಹೇಳ್ರಿ."

"ಒಳಗ ಒಣಗಿತ್ರಿ."

"ಹೊರಗ?"

ಮುರಿಗೆಪ್ಪ ಕಣ್ಣು ಮುಚ್ಚಿ ಆ ಮುಂಜಾನೆಗೆ ಹೋದ. ಕೈಯಲ್ಲಿ ಬಾಟಲಿ. ಪಾದದ ಮೇಲೆ ತಣ್ಣಗೆ ಏನೋ ಬಿದ್ದದ್ದು.

"ತಳ ತೊಯ್ದಿತ್ರಿ," ಎಂದ ನಿಧಾನವಾಗಿ. "ತಟಕ್ಕಾಕತ್ತಿತ್ತು. ಧೋತರದ ಚುಂಗಿನಿಂದ ಒರಸಿದೆ. ಅವತ್ತಿಂದ ದಿನಾ ಒರಸತೇನಿ. ಹುಗದ ಡಬ್ಬಿ, ನೆಲದ ತೇವ ಒಳಗ ಬರತಿರಬೇಕು ಅನಕೊಂಡೆ."

ಭೀಮರಾಯರು ಬೇಲಿಯೊಳಗೆ ಹೋಗಿ ಮೊಣಕಾಲೂರಿದರು. ಲಾಳಿಕೆ ತೆಗೆದಿಟ್ಟರು, ಬಾಟಲಿ ಎತ್ತಿದರು. ಅದರ ತಳದಿಂದ ಹನಿ ಬಿತ್ತು. ಹಿತ್ತಲ ಗೋಡೆಗೆ ಒರಗಿಸಿದ್ದ ಕಣಿಕೆಯ ಸಿವುಡಿನಿಂದ ಒಂದು ಜೋಳದ ದಂಟು ಕಿತ್ತು ಡಬ್ಬಿಯೊಳಗೆ ಇಳಿಸಿದರು. ಮೇಲೆ ತೆಗೆದಾಗ ದಂಟು ಎರಡು ಬೆರಳಿನಷ್ಟು ತೊಯ್ದಿತ್ತು.

"ತಾಮ್ರದ ಡಬ್ಬಿಗೆ ನೆಲದ ತೇವ ಹೊಕ್ಕೂದಿಲ್ಲ," ಎಂದರು. "ಬಾಟ್ಲ್ಯಾಗ ನಾಲ್ಕು ಇಂಚು ಮಳಿ ಹಿಡೀತೈತಿ. ಅದಕ್ಕಿಂತ ಜಾಸ್ತಿ ಬಿದ್ರ ಉಕ್ಕಿ ಈ ಡಬ್ಬ್ಯಾಗ ನಿಂದರತೈತಿ. ಈ ಕಡೆ ಇದು ಉಕ್ಕಿದ್ದು ಯಾರೂ ನೋಡಿಲ್ಲ. ಅದಕ್ಕ ನಿಮಗ ಹೊಳೀಲಿಲ್ಲ. ಬಾಟ್ಲಿ ಖಾಲಿ ಮಾಡಿದವರಿಗೂ ಹೊಳದಿಲ್ಲ."

ಡಬ್ಬಿ ಕಿತ್ತು ಬಗ್ಗಿಸಿದರು. ಅಳತೆಯ ಗಾಜಿನಲ್ಲಿ ಒಂದು ಸಲಕ್ಕೆ ಅರ್ಧ ಇಂಚು. ಒಂದು ತುಂಬಿತು. ಎರಡು ತುಂಬಿತು. ಮೂರನೆಯದು ಮೂವತ್ತೈದರ ಗೆರೆಗೆ ನಿಂತಿತು. ಕರೆಪ್ಪ ತಮಾಷೆ ಮರೆತು ಬಗ್ಗಿ ನೋಡುತ್ತಿದ್ದ.

"ಇಲ್ಲಿ ಒಂದು ಇಂಚು ಮೂವತ್ತೈದು. ಬಾಟ್ಲ್ಯಾಗಿನ ನಾಲ್ಕು ಕೂಡಿಸ್ರಿ. ಆರಿ ಹೋದದ್ದು ಬ್ಯಾರೆ. ಆಯ್ತವಾರ ರಾತ್ರಿ ಈ ಊರ ಮ್ಯಾಲ ಐದು ಇಂಚಿನ ಮ್ಯಾಲ ಮಳಿ ಸುರದೈತಿ. ಹುಕ್ಕೇರ್ಯಾಗ ಹನಿ ಇಲ್ಲ, ಗೋಕಾಕದಾಗ ಹನಿ ಇಲ್ಲ. ಮೋಡ ಇಲ್ಲೇ ನಿಂತು ಇಲ್ಲೇ ಒಡದೈತಿ. ಒಡ್ಡಿನ ನೀರು ಕೆಂಪು ಗೆರಿ ಮುಟ್ಟಿದ್ದು ಖರೆ."

ಮುರಿಗೆಪ್ಪ ತನ್ನ ಧೋತರದ ಚುಂಗು ನೋಡಿಕೊಂಡ. ಹನಮಂತ ನಿಜ ಹೇಳಿದ್ದ. ಅವನ ನಿಜವನ್ನು ತಾನು ದಿನಾ ಧೋತರದ ಚುಂಗಿನಿಂದ ಒರೆಸಿ ಹಾಕಿದ್ದ.

"ಈ ಬೀಗಕ್ಕ ಎಷ್ಟು ಕೀಲಿ?" ಎಂದು ಕೇಳಿದರು ಸಾಹೇಬರು.

"ಒಂದ ರಿ."

"ನೀವು ಹುಕ್ಕೇರಿಗಿ ಹೋದಾಗ ಎಲ್ಲಿ ಇರತೈತಿ?"

ಹೇಳುವ ಮೊದಲೇ ಮುರಿಗೆಪ್ಪನಿಗೆ ತಾನು ಏನು ಹೇಳುತ್ತಿದ್ದೇನೆಂದು ತಿಳಿಯಿತು. "ಮನ್ಯಾಗ ರಿ. ಬಾಗಲ ಬಾಜೂ ಗೂಟಕ್ಕ."

ಮನೆ ಚಾವಡಿಗೆ ನೂರು ಹೆಜ್ಜೆ ದೂರ. ಮನೆಯಲ್ಲಿ ಇರುವವಳು ತಾಯಿ ಶಿವಗಂಗವ್ವ ಒಬ್ಬಳೇ. ಆ ನೂರು ಹೆಜ್ಜೆಯಲ್ಲಿ ಮುರಿಗೆಪ್ಪ ಇನ್ನೂರು ಸಲ ತಿರುಗಿಹೋಗಬೇಕೆಂದುಕೊಂಡ.

ಶಿವಗಂಗವ್ವ ಪಡಸಾಲೆಯಲ್ಲಿ ಹೆಸರುಬೇಳೆ ಹಸನು ಮಾಡುತ್ತ ಕೂತಿದ್ದಳು. ಹೊಸಬರನ್ನು ಕಂಡು ಸೆರಗು ತಲೆಯ ಮೇಲೆಳೆದುಕೊಂಡು ಎದ್ದಳು. ಬೆನ್ನು ಅರ್ಧ ಬಾಗಿತ್ತು.

"ಬರ್ರಿ ಸಾಹೇಬರ, ಕುಂದರ್ರಿ. ಮುರಿಗ್ಯಾ, ಚಾಪಿ ಹಾಸು. ಮಾರಿ ಯಾಕ ಹಿಂಗ ಮಾಡೀದಿ? ಯಾರ ಬೈದ್ರು?"

"ಯಾರೂ ಬೈದಿಲ್ಲ, ಯವ್ವಾ."

"ಬೈಯೂ ಹಂಗ ಮಾಡಿರತಿ ಮತ್ತ."

ಭೀಮರಾಯರು ಕೂರಲಿಲ್ಲ. ಅವರ ಕಣ್ಣು ಒಳಗಿನ ದೇವರ ಜಗಲಿಯ ಮೇಲೆ ನಿಂತಿತ್ತು. ಅಲ್ಲಿ ವಿಭೂತಿಯ ಬಟ್ಟಲಿನ ಪಕ್ಕ ಎರಡು ತಾಮ್ರದ ತಂಬಿಗೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದವು.

"ಅವ್ವಾರ, ಆ ತಂಬಿಗ್ಯಾಗ ಏನೈತ್ರಿ?"

"ನೀರ್ರಿ. ಲಿಂಗಪೂಜಿಗೆ." ಮುದುಕಿಯ ಮುಖದಲ್ಲಿ ಅಳುಕಿರಲಿಲ್ಲ. "ಮುಗಲಿಂದ ಬಿದ್ದದ್ದು, ನೆಲ ಮುಟ್ಟಿಲ್ಲ, ಮಾಳಗಿ ಮುಟ್ಟಿಲ್ಲ. ಮತ್ತ ಸೋಮವಾರದ್ದು. ಭಾಂವಿ ನೀರು ನೂರು ಮಂದಿ ಕೈ ಹಾಕಿದ್ದು. ಇದು ಮಡಿ ನೀರು. ಸರಕಾರದ ಡಬ್ಬ್ಯಾಗ ಬೀಳತೈತಿ, ಸೋಮವಾರ ನಮ್ಮ ಮುರಿಗ್ಯಾಗ ಬೇಕಾಗಿರೂದಿಲ್ಲ. ಚೆಲ್ಲೂ ನೀರ ಅಲ್ಲೇನ್ರಿ?"

"ಯವ್ವಾ, ನನಗ ಬೇಕಾಗಿರೂದಿಲ್ಲ ಅಂತ ನಿನಗ ಯಾರ ಹೇಳಿದ್ರು?"

"ನೀ ಸೋಮವಾರ ಟಪಾಲ ಒಯ್ಯಾಕ ಹೋಗೂದಿಲ್ಲ, ಹೇಣತಿ ಹಂತ್ಯಾಕ ಹೋಗತಿ ಅಂತ ಆರು ವರ್ಷದಿಂದ ಗೊತ್ತೈತಿ." ಅವಳು ಮತ್ತೆ ಕೂತು ಮೊರದಿಂದ ಒಂದು ಹರಳು ಆರಿಸಿ ಎಸೆದಳು. "ಟಪಾಲಿಗಿ ಹೋಗಾವ ತಲಿಗಿ ಎಣ್ಣಿ ಹಚಗೊಂಡು, ಜರದ ಅಂಚಿನ ಧೋತರ ಉಟಗೊಂಡು ಹೋಗತಾನೇನು? ಕರಕೊಂಡು ಬಾ ಅಂತ ಹೇಳಾಕ ನನಗ ಬಾಯಿ ಬರಲಿಲ್ಲ. ಅದು ನನ್ನ ತಪ್ಪು."

ಮುರಿಗೆಪ್ಪ ತಲೆ ತಗ್ಗಿಸಿದ. ಬಚ್ಚಿಡಬೇಕೆಂದಿದ್ದ ಗುಟ್ಟು ಮನೆಯಲ್ಲಿ ಇಬ್ಬರಿಗೂ ಗೊತ್ತಿದ್ದದ್ದು. ಅದಕ್ಕಾಗಿ ಒಬ್ಬ ಮನುಷ್ಯ ನಾಳೆ ಜೈಲಿಗೆ ಹೋಗುವವನಿದ್ದ. ಅವನನ್ನು ಬಿಡಿಸಬೇಕಾದರೆ, ಸರಕಾರದ ಅಳತೆಯ ನೀರು ಕದ್ದವಳೆಂದು ಈ ಬಾಗಿದ ಬೆನ್ನಿನ ಮುದುಕಿಯನ್ನು ಕೋರ್ಟಿನಲ್ಲಿ ನಿಲ್ಲಿಸಬೇಕು.

ಭೀಮರಾಯರು ಅವಳ ಬೆನ್ನನ್ನೇ ನೋಡುತ್ತಿದ್ದರು.

"ಅವ್ವಾರ, ಆ ಬಾಟ್ಲಿ ಡಬ್ಬಿ ತಳದಾಗ ಇರತೈತಿ. ನೆಲಮಟ ಬಗ್ಗಿ ಎತ್ತಬೇಕು. ನಿಮಗ ಆಗತೈತೇನ್ರಿ?"

ಬೇಳೆ ಆರಿಸುತ್ತಿದ್ದ ಕೈ ಮೊದಲ ಸಲ ನಿಂತಿತು.

"ಯವ್ವಾ," ಎಂದ ಮುರಿಗೆಪ್ಪ. "ಹೇಳು. ಹನಮಂತನ ಜೀವದ ಮಾತೈತಿ."

"ಆ ಹುಡುಗನ ಹೆಸರು ನಾ ಹೆಂಗ ಹೇಳಲಿ?" ಶಿವಗಂಗವ್ವ ಮೊರ ಕೆಳಗಿಟ್ಟಳು. "ಅವನ ಎತ್ತಿಕೊಡೂದು. ಪ್ರತಿ ಸೋಮವಾರ ಒಡ್ಡಿನ ಕಡೆಯಿಂದ ಪತ್ರಿ ತರತಾನ ನನ್ನ ಪೂಜಿಗೆ. ಆರು ವರ್ಷ ಒಂದ ಸೋಮವಾರನೂ ತಪ್ಪಿಸಿಲ್ಲ. ಬೇಲಿ ಬೀಗ ತಗದು ನೀರು ಬಗ್ಗಿಸಿ ಕೊಡತಾನ, ರೊಟ್ಟಿ ತಿಂದು ಹೋಗತಾನ."

"ಆ ಸೋಮವಾರ?" ಎಂದರು ಭೀಮರಾಯರು.

"ಬಂದಿದ್ದ. ತೊಯ್ದು ತಪ್ಪಡಿ ಆಗಿದ್ದ. ಬಾಟ್ಲಿ ಕುತ್ತಿಗಿಮಟ ತುಂಬಿತ್ತು. ಒಂದ ತಂಬಿಗಿ ಸಾಲಲಿಲ್ಲ ಅಂತ ಎರಡನೇದ್ದು ತಂದೆ. ಹಳ್ಳ ಏರಿರತೈತಿ, ಲಗೂ ಹೋಗಬೇಕು ಅಂದ. ಎರಡು ರೊಟ್ಟಿ ತಿಂದು ಹೋಗೂವಂತಿ ಅಂತ ನಾನ ಕುಂದರಿಸಿದೆ." ಅವಳು ಹೊಸ್ತಿಲತ್ತ ನೋಡಿದಳು. "ಅಲ್ಲೆ ಕುಂತಿದ್ದ. ತಿನ್ನಾಕತ್ತಾಗ ಚಾವಡಿ ಗಂಟಿ ಎಂಟು ಹೊಡೀತು."

ಮೂಡಲಗಿಯ ಈ ಹೊಸ್ತಿಲಲ್ಲಿ ಎಂಟು. ಮೂರು ಹರದಾರಿ ಕೆಳಗೆ ಗೇಟು ಮೇಲೆದ್ದದ್ದೂ ಎಂಟಕ್ಕೇ.

ಭೀಮರಾಯರು ಚೀಲದಿಂದ ವಕೀಲರು ಕೊಟ್ಟಿದ್ದ ಒಡ್ಡಿನ ಗೇಟುಪುಸ್ತಕ ತೆಗೆದರು. ಓದು ಬಾರದ ಕಾವಲುಗಾರರಿಗೆಂದು ಮಾಡಿಸಿದ್ದು ಅದು. ದಿನಕ್ಕೊಂದು ಹಾಳೆ, ಗಂಟೆಗೊಂದು ಮನೆ, ಗೇಟು ಎತ್ತಿದ ಗಂಟೆಯ ಮನೆಯಲ್ಲಿ ಹೆಬ್ಬೆಟ್ಟು ಒತ್ತುವುದು. ಹದಿಮೂರನೆಯ ತಾರೀಖಿನ ಹಾಳೆಯಲ್ಲಿ ಎಂಟರ ಮನೆಯೊಳಗೆ ನೀಲಿ ಹೆಬ್ಬೆಟ್ಟೊಂದಿತ್ತು. ಅದನ್ನು ತೋರಿಸಿಯೇ ಹನಮಂತನನ್ನು ಹಿಡಿದದ್ದು. ಅವನು ಅದು ತನ್ನದೇ ಎಂದು ಒಪ್ಪಿಕೊಂಡದ್ದರಿಂದ ಇನ್ನೊಂದರ ಜೊತೆ ಹೋಲಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಮುರಿಗೆಪ್ಪ ಬಗ್ಗಿ ನೋಡಿದ. ವರ್ಷಗಟ್ಟಲೆ ಪಹಣಿ ಕಾಗದಗಳ ಮೇಲೆ ಹನಮಂತನ ಹೆಬ್ಬೆರಳು ಹಿಡಿದು ಒತ್ತಿಸಿದವನು ಅವನೇ. ಆ ಬೆರಳಿನ ನಡುವೆ ಕುಡುಗೋಲು ತಾಗಿದ ಹಳೆಯ ಗಾಯ, ಒತ್ತಿದರೆ ಅಡ್ಡಕ್ಕೆ ಬಿಳಿ ಗೆರೆ ಬೀಳುತ್ತಿತ್ತು.

ಈ ಹೆಬ್ಬೆಟ್ಟಿನಲ್ಲಿ ಆ ಗೆರೆ ಇರಲಿಲ್ಲ. ಗಂಡಸಿನ ಬೆರಳಿಗಿಂತ ಸಣ್ಣದು. ನೀಲಿ ಶಾಯಿಯ ಅಂಚಿಗೆ, ಕಾಗದ ಹೀರಿಕೊಂಡ ಹಾಗೆ, ತೆಳ್ಳಗೆ ಅರಿಸಿನದ ಬಣ್ಣವಿತ್ತು.

"ಇದು ಹನಮಂತಂದಲ್ರಿ," ಎಂದ. "ಹೆಣ್ಣಮಗಳದು."

"ಸೋಮವಾರ ಅವನ ಬದಲಿಗಿ ಗೇಟು ಯಾರ ಕಾಯತಿದ್ರು, ಅವ್ವಾರ?" ಭೀಮರಾಯರು ಪುಸ್ತಕವನ್ನು ಮುದುಕಿಯ ಮುಂದೆ ಹಿಡಿದರು.

ಶಿವಗಂಗವ್ವನಿಗೆ ಓದು ಬರುತ್ತಿರಲಿಲ್ಲ. ಆದರೂ ಅವಳು ಆ ಅರಿಸಿನದ ಅಂಚನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪುಸ್ತಕ ಮುಚ್ಚಿ, ಅದರ ಮೇಲೆ ಅಂಗೈ ಊರಿದಳು.

"ಸಾಹೇಬರ, ನೀರು ಕದ್ದದ್ದು ನಾನ ಅಂತ ಬರಕೋರಿ, ನಾಳೆ ಕೋರ್ಟಿಗೆ ಬರತೇನಿ," ಎಂದಳು. "ಆದ್ರ ಇದನ್ನ ಒತ್ತಿದಾಕಿ ಯಾರಂತ ನನ್ನ ಕೇಳಬ್ಯಾಡ್ರಿ. ಆಕಿನ್ನ ಉಳಿಸಾಕ, ಜೈಲಿಗೆ ಹೋದ್ರೂ ಬಾಯಿ ಬಿಡೂದಿಲ್ಲ ಅಂತ ಆ ಹುಡುಗ ಸತ್ತ ಲಗಮವ್ವನ ಮ್ಯಾಲ ಆಣಿ ಮಾಡ್ಯಾನ. ನನ್ನ ಕಡಿಂದನೂ ಮಾಡಿಸ್ಯಾನ."